ಹತ್ತಿಬಟ್ಟೆಯ ಕೈಗವಸು

ನಾನು ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ಹಿತ್ತಲಲ್ಲಿ ತರಗೆಲೆಗೆ ಹಚ್ಚಿದ ಬೆಂಕಿಯಲ್ಲಿ ಅಳಿಲುಮರಿಯೊಂದು ಸುಟ್ಟುಕೊಂಡಿತು. ಮಕ್ಕಳು ಅದನ್ನು ತಂದು ನನ್ನ ಸೆರಗಿನಲ್ಲಿಟ್ಟರು. ನಾನು ಹಿಂದುಮುಂದು ಯೋಚಿಸದೆ ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಂಡಿದೆ. ಮೂಗಿನಿಂದ ಹಾಲು ಬಂತು. ಸಂಜೆಯೊಳಗೆ ಮರಿ ಸತ್ತುಹೋಯಿತು. “ಹಾಲು ಕುಡಿಸಿದರೂ ಯಾಕೆ ಸತ್ತಿತು, ಟೀಚರ್?” ಎಂದು ಹುಡುಗಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಆಸ್ಟ್ರೇಲಿಯಾದ ಕಾಡ್ಗಿಚ್ಚುಗಳ ಬಗ್ಗೆ ಓದುವಾಗ ಆ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು. 2009ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಜ್ಯದ ಬೆಂಕಿ 173 ಜನರನ್ನು ಬಲಿ ತೆಗೆದುಕೊಂಡಿತು. ಆ ದಿನಗಳಲ್ಲಿ ಒಂದು ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅಂಗಾಲು ಸುಟ್ಟ ಸ್ಯಾಮ್ ಎಂಬ ಹೆಣ್ಣು ಕೋಲಾ ಅಗ್ನಿಶಾಮಕ ದಳದವನ ಬಾಟಲಿಯಿಂದ ನೀರು ಕುಡಿಯುತ್ತಿತ್ತು. ನೋಡಿದವರ ಕಣ್ಣು ಒದ್ದೆಯಾಯಿತು. ಆದರೆ ಪಶುವೈದ್ಯರು ಎಚ್ಚರಿಸುತ್ತಾರೆ: ಕೋಲಾಕ್ಕೆ ಬೇಕಾದ ನೀರು ಹೆಚ್ಚಾಗಿ ನೀಲಗಿರಿ ಎಲೆಯಿಂದಲೇ ಸಿಗುತ್ತದೆ; ತಲೆ ಎತ್ತಿಸಿ ಬಾಯಿಗೆ ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಬಟ್ಟಲಲ್ಲಿ ನೀರಿಟ್ಟು ದೂರ ಸರಿಯುವುದೇ ಮೇಲು.

2015ರ ಜನವರಿಯಲ್ಲಿ ಕೋಲಾಗಳ ಸುಟ್ಟ ಅಂಗೈಗೆ ಕೈಗವಸು ಬೇಕೆಂದು ಪ್ರಾಣಿ ಸಂರಕ್ಷಕರು ಕೋರಿದರು. ಔಷಧಿ ಹಚ್ಚಿ ಕಟ್ಟಿದ ಪಟ್ಟಿಯ ಮೇಲೆ ತೊಡಿಸಲು ಅಪ್ಪಟ ಹತ್ತಿಯದೇ ಆಗಬೇಕು. ದೇಶವಿದೇಶಗಳಿಂದ ಎಷ್ಟು ಬಂದವೆಂದರೆ, ಇನ್ನು ಸಾಕು, ತಾಯಿ ಸತ್ತ ಕಾಂಗರೂ ಮರಿಗಳಿಗೆ ಚೀಲ ಹೊಲಿದುಕೊಡಿ ಎಂದರು. ಆ ಮರಿಗಳಿಗೂ ಹಸುವಿನ ಹಾಲು ಆಗದು. ಬೇರೆಯೇ ಹಾಲಿನ ಪುಡಿ ಬೇಕು. ಓದುತ್ತಾ ನನ್ನ ಕೈ ತಣ್ಣಗಾಯಿತು.

2019-20ರ ಬೆಂಕಿಯಲ್ಲಿ ಸುಮಾರು 300 ಕೋಟಿ ಪ್ರಾಣಿಪಕ್ಷಿಗಳು ಸತ್ತವು ಇಲ್ಲವೆ ನೆಲೆ ಕಳೆದುಕೊಂಡವೆಂದು ಅಂದಾಜು. ಆಗ ನ್ಯೂ ಸೌತ್ ವೇಲ್ಸಿನಲ್ಲಿ ಒಬ್ಬ ಹೆಂಗಸು ತಾನು ಉಟ್ಟ ಅಂಗಿಯನ್ನೇ ಕಳಚಿ, ಉರಿಯುವ ಕಾಡಿನಿಂದ ಕೋಲಾವೊಂದನ್ನು ಸುತ್ತಿ ತಂದಳು. ಅದರ ಹೆಸರು ಲೂಯಿಸ್. 1973ರಿಂದ ಕೋಲಾಗಳನ್ನು ನೋಡಿಕೊಳ್ಳುತ್ತಿರುವ ಪೋರ್ಟ್ ಮ್ಯಾಕ್ವಾರಿಯ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ನೋಡಿದರು. ಗಾಯ ಮಾಯುವಂತಿರಲಿಲ್ಲ. 2019ರ ನವೆಂಬರ್ 26ರಂದು, ಇನ್ನು ನರಳುವುದು ಬೇಡವೆಂದು ಅದಕ್ಕೆ ಚಿರನಿದ್ರೆ ಕೊಟ್ಟರು. ಅದೂ ಆರೈಕೆಯೇ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಕರುಳು ಚುರುಕ್ ಎಂದರೆ ಸಾಲದು. ಕೈಗೆ ತಿಳಿವಳಿಕೆಯೂ ಬೇಕು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಸಿಕ್ಕಿದರೆ ಹೇಳಬೇಕು: ಹಾಲು ಕುಡಿಸಿದರೂ ಅಲ್ಲಮ್ಮ, ಕುಡಿಸಿದ್ದರಿಂದಲೇ ಸತ್ತಿರಬೇಕು. ಅಂದು ನಿನ್ನ ಟೀಚರಿಗೆ ಗೊತ್ತಿರಲಿಲ್ಲ.