ಮೂರಾಣೆಯೋ, ಹದಿನೈದಾಣೆಯೋ?



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಹತ್ತು ಮನೆಗಳ ಒಂದು ಊರಿದೆ ಎಂದು ಭಾವಿಸಿ. ಒಂಬತ್ತು ಮನೆಗಳ ತಿಂಗಳ ವರಮಾನ ತಲಾ 1,000 ರೂಪಾಯಿ. ಹತ್ತನೆಯ ಮನೆಯದು 91,000 ರೂಪಾಯಿ. ಸರಾಸರಿ ತೆಗೆದರೆ ಮನೆಯೊಂದಕ್ಕೆ 10,000 ರೂಪಾಯಿ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಷ್ಟು ವರಮಾನವಿರುವ ಮನೆ ಆ ಊರಿನಲ್ಲಿ ಒಂದೂ ಇಲ್ಲ! ಸರಾಸರಿ ಮುಚ್ಚಿಡುವುದನ್ನು ಹುಡುಕಿ ತೆಗೆಯುವುದೇ ಆರ್ಥಿಕ ಅಸಮಾನತೆಯ ಅಧ್ಯಯನ.

1963ರ ಆಗಸ್ಟ್‌ನಲ್ಲಿ ಇದೇ ಪ್ರಶ್ನೆ ಲೋಕಸಭೆಯಲ್ಲಿ ಎದ್ದಿತು. ಎತ್ತಿದವರು ಡಾ. ರಾಮಮನೋಹರ ಲೋಹಿಯಾ. 1951ರಲ್ಲಿ ಕಾಗೋಡು ರೈತ ಸತ್ಯಾಗ್ರಹಕ್ಕೆಂದು ಬಂದು ಬಂಧನಕ್ಕೊಳಗಾದ ಅವರು ಕರ್ನಾಟಕಕ್ಕೆ ಪರಿಚಿತರೇ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಅವರು ವಾದಿಸಿದರು. ಪ್ರಧಾನಿ ನೆಹರೂ ಅದು ಹದಿನೈದಾಣೆ ಎಂದರು. ರೂಪಾಯಿಗೆ ಹದಿನಾರಾಣೆ ಎಂಬ ಹಳೆಯ ಲೆಕ್ಕ ಜನರ ಬಾಯಲ್ಲಿ ಇನ್ನೂ ಉಳಿದಿದ್ದ ಕಾಲವದು. ಸಚಿವ ಗುಲ್ಜಾರಿಲಾಲ್ ನಂದಾ ಅವರು ಕೊಟ್ಟ ಅಂಕಿ ಏಳೂವರೆ ಆಣೆ.

ಒಂದೇ ದೇಶಕ್ಕೆ ಮೂರು ಅಂಕಿಗಳು ಹೇಗೆ ಬಂದವು? ಹದಿನೈದಾಣೆ ಇಡೀ ದೇಶದ ಸರಾಸರಿ. ಲೋಹಿಯಾ ಕೇಳಿದ್ದು ಕೆಳಸ್ತರದವರ ಪಾಲನ್ನು. ಮೂರಾಣೆ ಸರಿಯೋ, ಏಳೂವರೆ ಆಣೆ ಸರಿಯೋ ಎಂಬ ವಾದ ಹಾಗಿರಲಿ. ಸರಾಸರಿಯನ್ನು ಬಿಟ್ಟು ಹಂಚಿಕೆಯನ್ನು ನೋಡಿದೊಡನೆ ಹದಿನೈದಾಣೆ ಅರ್ಧಕ್ಕಿಳಿಯಿತು ಎಂಬುದನ್ನು ನಾವು ಗಮನಿಸಬೇಕು.

ಇಂಥ ಚರ್ಚೆ ಸಾಧ್ಯವಾಗಲು ಯಾರೋ ಮೊದಲೇ ಲೆಕ್ಕ ಹಾಕಿರಬೇಕಲ್ಲವೇ? ದಾದಾಭಾಯಿ ನವರೋಜಿ 1870ರ ದಶಕದಲ್ಲಿಯೇ ಭಾರತೀಯನ ವಾರ್ಷಿಕ ತಲಾ ವರಮಾನ ಸುಮಾರು 20 ರೂಪಾಯಿ ಎಂದು ಅಂದಾಜು ಮಾಡಿದರು. ಜೈಲಿನ ಕೈದಿಯ ಅನ್ನ ಬಟ್ಟೆಗೆ ಸರ್ಕಾರ ಮಾಡುವ ವೆಚ್ಚ ಇದಕ್ಕಿಂತ ಹೆಚ್ಚು ಎಂದು ತೋರಿಸಿದರು. ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿದ ವಿ.ಕೆ.ಆರ್.ವಿ. ರಾವ್ 1931-32ನೇ ಸಾಲಿಗೆ 62 ರೂಪಾಯಿ ಎಂಬ ಅಂದಾಜು ನೀಡಿದರು. ಆದರೆ ಇವೂ ಸರಾಸರಿಗಳೇ. ಮನೆ ಮನೆಯ ಖರ್ಚನ್ನು ಕೇಳಿ ಬರೆದುಕೊಳ್ಳುವ ಕೆಲಸ ದೇಶವ್ಯಾಪಿಯಾಗಿ ಆರಂಭವಾದದ್ದು 1950ರಲ್ಲಿ, ಪಿ.ಸಿ. ಮಹಾಲನೋಬಿಸ್ ಅವರ ಪ್ರೇರಣೆಯಿಂದ ಹುಟ್ಟಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲಕ. ಯೋಜನೆಗಳಿಂದ ಹೆಚ್ಚಿದ ವರಮಾನ ಯಾರ ಕೈ ಸೇರಿತು ಎಂಬುದನ್ನು ಪರಿಶೀಲಿಸಲು 1960ರಲ್ಲಿ ಅವರ ಅಧ್ಯಕ್ಷತೆಯಲ್ಲಿಯೇ ಒಂದು ಸಮಿತಿ ನೇಮಕವಾಯಿತು. ಆ ಪ್ರಶ್ನೆಯನ್ನು ಕೇಳಿದವರು ಸ್ವತಃ ನೆಹರೂ ಎಂಬುದನ್ನೂ ಮರೆಯಬಾರದು.

ಈ ಸಮೀಕ್ಷೆಯ ಅಂಕಿಅಂಶಗಳನ್ನೇ ಆಧರಿಸಿ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಒಂದು ಗ್ರಂಥ ಹೊರತಂದರು. 1960-61ರಲ್ಲಿ ಗ್ರಾಮೀಣರಲ್ಲಿ ಶೇಕಡಾ 40ರಷ್ಟು, ನಗರವಾಸಿಗಳಲ್ಲಿ ಶೇಕಡಾ 50ರಷ್ಟು ಜನರಿಗೆ ಕನಿಷ್ಠ ಆಹಾರಕ್ಕೂ ಸಾಲದ ಸ್ಥಿತಿ ಇತ್ತೆಂದು ಅವರು ತೋರಿಸಿದರು. ಅನಂತರ ಮೇಲ್ತುದಿಯವರ ಸರದಿ ಬಂತು. ಅಭಿಜಿತ್ ಬ್ಯಾನರ್ಜಿ ಮತ್ತು ತೋಮಾ ಪಿಕೆಟ್ಟಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1922ರಿಂದ 2000ದವರೆಗಿನ ಆದಾಯ ತೆರಿಗೆಯ ದಾಖಲೆಗಳನ್ನು ಜಾಲಾಡಿದರು. ಅತಿ ಶ್ರೀಮಂತರ ಪಾಲು 1980ರ ದಶಕದ ಆರಂಭದವರೆಗೆ ಕುಗ್ಗಿ, ಬಳಿಕ ಏರಿದ್ದು ಅದರಿಂದ ತಿಳಿಯಿತು. 2024ರ ಇನ್ನೊಂದು ಅಧ್ಯಯನದ ಪ್ರಕಾರ 2022-23ರಲ್ಲಿ ಮೇಲಿನ ಶೇಕಡಾ ಒಂದರಷ್ಟು ಜನರಿಗೆ ದೇಶದ ವರಮಾನದ ಶೇಕಡಾ 22.6 ಭಾಗ ಸಂದಿತ್ತು. ಆದರೆ ಭಾರತದ ಅಂಕಿಅಂಶಗಳ ಗುಣಮಟ್ಟ ಕುಸಿದಿದೆಯೆಂದು ಆ ಲೇಖಕರೇ ಎಚ್ಚರಿಸಿದ್ದಾರೆ.

ಈ ಎಚ್ಚರಿಕೆಗೆ ಕಾರಣವಿದೆ. 2000ದ ಸುಮಾರಿಗೆ ತೆರಿಗೆ ಅಂಕಿಅಂಶಗಳ ಪ್ರಕಟಣೆ ನಿಂತು, 2016ರಲ್ಲಷ್ಟೇ ಮತ್ತೆ ಆರಂಭವಾಯಿತು. 2017-18ರ ಕುಟುಂಬ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ನೀಡಿ ಸರ್ಕಾರ ಬಿಡುಗಡೆ ಮಾಡಲಿಲ್ಲ. ಮುಂದಿನ ಸಮೀಕ್ಷೆ ನಡೆದದ್ದು 2022-23ರಲ್ಲಿ. ದಾಖಲೆ ಇಲ್ಲದ ವರ್ಷಗಳಲ್ಲಿ ಬಡವರೂ ಇದ್ದರು, ಶ್ರೀಮಂತರೂ ಇದ್ದರು. ಅವರ ನಡುವಿನ ಅಂತರವನ್ನು ಖಚಿತವಾಗಿ ಹೇಳುವ ದಾರಿ ಮಾತ್ರ ಇರಲಿಲ್ಲ.

ಇಂಥ ಖಾಲಿ ಪುಟಗಳನ್ನು ತುಂಬುವುದು ಒಂದೆರಡು ತಿಂಗಳ ಕೆಲಸವಲ್ಲ. ಪಿಎಚ್.ಡಿ. ಮುಗಿಸಿದವರು ಶಿಷ್ಯವೇತನ ಪಡೆದು, ಪಾಠ ಹೇಳುವ ಹೊರೆಯಿಲ್ಲದೆ ಕೆಲವು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಲು ಡಾಕ್ಟರೇಟ್ ನಂತರದ ಸಂಶೋಧನೆ ಅವಕಾಶ ಕೊಡುತ್ತದೆ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಇದಕ್ಕೆ ನೆರವು ನೀಡುತ್ತದೆ. ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಅಸಮಾನತೆಯ ಅಧ್ಯಯನಕ್ಕಾಗಿಯೇ ಮೀಸಲಾದ ಕೇಂದ್ರಗಳಿವೆ. ನಮ್ಮ ಬೆಂಗಳೂರಿನಲ್ಲಿಯೇ 62 ರೂಪಾಯಿಯ ಲೆಕ್ಕ ಹಾಕಿದ ಅದೇ ರಾವ್ ಅವರು 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು.

ಆ ದಾರಿ ನಿಮಗೆ ದೂರವೆನಿಸಬಹುದು. ಆದರೆ ಅದಕ್ಕೆ ಬೇಕಾದ ಗಣಿತ, ಸಂಖ್ಯಾಶಾಸ್ತ್ರ, ಇತಿಹಾಸಗಳು ಈಗಲೇ ನಿಮ್ಮ ತರಗತಿಯಲ್ಲಿವೆ. ಹಳ್ಳಿಯ ಮನೆಯಂಗಳದಲ್ಲಿ ಕುಳಿತು ಖರ್ಚಿನ ಲೆಕ್ಕವನ್ನು ಕನ್ನಡದಲ್ಲಿ ಕೇಳಿ ತಿಳಿಯಬಲ್ಲವರೂ ಈ ಸಂಶೋಧನೆಗೆ ಬೇಕು. ಮುಂದಿನ ಬಾರಿ ತಲಾ ವರಮಾನ ಇಷ್ಟು ಏರಿತೆಂದು ಪತ್ರಿಕೆಯಲ್ಲಿ ಓದಿದಾಗ, ಆ ಹತ್ತು ಮನೆಗಳ ಊರನ್ನು ನೆನಪಿಸಿಕೊಳ್ಳಿ. ಏರಿದ್ದು ಯಾವ ಮನೆಯ ವರಮಾನ ಎಂದು ಕೇಳಿ. ಸಂಶೋಧನೆ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.