ಪೆಂಟಿಯಂ ಪ್ರೊಸೆಸರಿನ ದೋಷವೂ ಅದರ ಪರಿಹಾರವೂ

ಗಣಕಯಂತ್ರವು ತಪ್ಪಿದರೆ ಆ ತಪ್ಪು ಅದಕ್ಕೆ ಆಜ್ಞೆಗಳನ್ನು ಬರೆದವರದೇ ಹೊರತು ಯಂತ್ರದ್ದಲ್ಲವೆಂಬುದು ಸಾಮಾನ್ಯರ ನಂಬಿಕೆ. ಈ ನಂಬಿಕೆಗೆ 1994ರಲ್ಲಿ ಭಂಗವುಂಟಾಯಿತು. ಅಮೆರಿಕೆಯ ಇಂಟೆಲ್ ಕಂಪನಿಯವರ ಪೆಂಟಿಯಂ ಪ್ರೊಸೆಸರು ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರವನ್ನು ಕೊಡುತ್ತಿದ್ದುದನ್ನು ವರ್ಜೀನಿಯಾದ ಗಣಿತಾಧ್ಯಾಪಕ ಥಾಮಸ್ ನೈಸ್ಲಿಯವರು ಕಂಡುಹಿಡಿದರು. ಕಂಪನಿಯವರು ದೋಷವುಳ್ಳ ಬಿಲ್ಲೆಗಳನ್ನು ಬದಲಿಸಿಕೊಡಲೊಪ್ಪಿ, 47.5 ಕೋಟಿ ಡಾಲರುಗಳ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು. ಆ ವೃತ್ತಾಂತವು ಸುಪ್ರಸಿದ್ಧವು. ಮೂರು ವರ್ಷಗಳ ತರುವಾಯ ಅದೇ ಪೆಂಟಿಯಂನಲ್ಲಿ ಹೊರಬಿದ್ದ ಇನ್ನೊಂದು ದೋಷವೂ, ಬಿಲ್ಲೆಯನ್ನು ಮುಟ್ಟದೆಯೇ ಅದನ್ನು ಅಡಗಿಸಿದ ಬಗೆಯೂ ಅಷ್ಟು ಪ್ರಸಿದ್ಧವಲ್ಲದಿದ್ದರೂ ಅದಕ್ಕಿಂತ ಸ್ವಾರಸ್ಯವುಳ್ಳವು.

1997ನೆಯ ನವೆಂಬರಿನಲ್ಲಿ ಬಯಲಾದ ಸಂಗತಿ ಏನೆಂದರೆ, ‘ಎಫ್0 0ಎಫ್ ಸಿ7 ಸಿ8’ ಎಂಬ ನಾಲ್ಕೇ ಬೈಟುಗಳ ಆಜ್ಞೆಯನ್ನು ನಡೆಸಹೋದೊಡನೆ ಪೆಂಟಿಯಂ ಸ್ತಬ್ಧವಾಗಿ ನಿಲ್ಲುತ್ತಿತ್ತು. ಯಂತ್ರವನ್ನು ಮೊದಲಿನಿಂದ ಆರಂಭಿಸುವುದಲ್ಲದೆ ಗತ್ಯಂತರವಿರಲಿಲ್ಲ. ಒಬ್ಬನೇ ಬಳಸುವ ಯಂತ್ರದಲ್ಲಿ ಇದು ಬರಿಯ ಕಿರುಕುಳ. ಆದರೆ ಹಲವರು ಹಂಚಿಕೊಂಡು ಬಳಸುವ ಯಂತ್ರದಲ್ಲಿ, ಯಾವ ಅಧಿಕಾರವೂ ಇಲ್ಲದವನೊಬ್ಬನು ಸರ್ವರ ಕೆಲಸವನ್ನೂ ಕ್ಷಣಮಾತ್ರದಲ್ಲಿ ನಿಲ್ಲಿಸಬಹುದಾಗಿತ್ತು. ಒಬ್ಬನ ಉಪದ್ರವದಿಂದ ಇನ್ನೊಬ್ಬನನ್ನು ಕಾಯುವುದು ಆಪರೇಟಿಂಗ್ ಸಿಸ್ಟಮ್ಮಿನ ಮುಖ್ಯ ಧರ್ಮ. ಅದು ನಿಂತಿದ್ದ ನೆಲವೇ ಕುಸಿದಂತಾಯಿತು.

ಕಾರಣವು ಹೀಗೆ: ಆ ಆಜ್ಞೆಯು ಅಸಾಧು. ಅಸಾಧುವಾದ ಆಜ್ಞೆ ಬಂದಾಗ ಪ್ರೊಸೆಸರು, ಆಪರೇಟಿಂಗ್ ಸಿಸ್ಟಂ ಮೆಮೊರಿಯಲ್ಲಿ ಬರೆದಿಟ್ಟಿರುವ ಒಂದು ಪಟ್ಟಿಯ 6ನೆಯ ನಮೂದನ್ನು ಓದಿ, ಅಲ್ಲಿ ಹೇಳಿದ ಕಾರ್ಯವನ್ನು ನಡೆಸತಕ್ಕದ್ದು. ಆದರೆ ಈ ಆಜ್ಞೆಯ ಮೊದಲ ಬೈಟು ಮೆಮೊರಿಯ ದಾರಿಗೆ ಬೀಗ ಹಾಕೆನ್ನುತ್ತದೆ. ಓದಿದ ಮೇಲೆ ಬರೆದಲ್ಲದೆ ಆ ಬೀಗ ತೆರೆಯದು. ಪೆಂಟಿಯಂ ಬೀಗವನ್ನು ಬಿಡದೆಯೇ ಪಟ್ಟಿಯನ್ನು ಓದಹೋಗಿ, ಎಂದಿಗೂ ಬಾರದ ಬರವಣಿಗೆಯನ್ನು ಕಾಯುತ್ತ ನಿಂತುಬಿಡುತ್ತಿತ್ತು.

ಈ ಸಲ ಇಂಟೆಲ್ಲಿನವರು ಬಿಲ್ಲೆಯನ್ನು ಬದಲಿಸಲಿಲ್ಲ, ಉಪಾಯವನ್ನು ಸೂಚಿಸಿದರು. ಮೆಮೊರಿಯು 4096 ಬೈಟುಗಳ ಪುಟಗಳಾಗಿ ವಿಭಾಗವಾಗಿರುತ್ತದೆ. ಪಟ್ಟಿಯ 0ಯಿಂದ 6ರವರೆಗಿನ ಏಳು ನಮೂದುಗಳು ಒಂದು ಪುಟದ ಕೊನೆಯಲ್ಲಿಯೂ, ಮಿಕ್ಕವು ಮುಂದಿನ ಪುಟದಲ್ಲಿಯೂ ಬರುವಂತೆ ಮಾಡಿ, ಮೊದಲಿನ ಪುಟವು ‘ಇಲ್ಲ’ವೆಂದು ಗುರುತು ಹಾಕಬೇಕು. ಆಗ ಪ್ರೊಸೆಸರು 6ನೆಯ ನಮೂದನ್ನರಸಿ ಹೋಗಿ, ಪುಟವನ್ನು ಕಾಣದೆ, ಸ್ತಬ್ಧವಾಗುವ ಮೊದಲೇ ‘ಪುಟವಿಲ್ಲ’ವೆಂಬ 14ನೆಯ ನಮೂದಿಗೆ ತಿರುಗುತ್ತದೆ. ಅದು ಇರುವುದು ಕ್ಷೇಮವಾದ ಪುಟದಲ್ಲಿ. ಅಲ್ಲಿಯ ಕಾರ್ಯವು, ಹುಡುಕಿದ್ದು 6ನೆಯದನ್ನೇ ಎಂದು ಕಂಡು, ಅಪರಾಧಿಯನ್ನು ಹೊರಹಾಕುತ್ತದೆ. ಸೂತ್ರವನ್ನು ಅಳಿಸದೆ ವಾರ್ತಿಕವನ್ನು ಸೇರಿಸುವ ಕಾತ್ಯಾಯನನ ಕ್ರಮವು ಇಲ್ಲಿ ನೆನಪಾಗುವುದು ಸಹಜ; ಹೋಲಿಕೆಯಿಂದ ಪಾಣಿನಿಗೆ ಅನ್ಯಾಯವಾಯಿತೆನ್ನುವವರು ಕ್ಷಮಿಸಬೇಕು.

ಲಿನಕ್ಸಿನವರು ಅದೇ ತಿಂಗಳಲ್ಲಿಯೇ, 2.0.32ನೆಯ ಆವೃತ್ತಿಯಲ್ಲಿ, ಪರಿಹಾರವನ್ನು ಅಳವಡಿಸಿದರು. ಆದರೆ ‘ಇಲ್ಲ’ವೆನ್ನುವ ಉಪಾಯದಲ್ಲಿ ಒಂದು ಕೊರತೆಯಿತ್ತು. ಸೊನ್ನೆಯಿಂದ ಭಾಗಿಸಿದುದೇ ಮೊದಲಾದ ಬೇರೆ ತಪ್ಪುಗಳ ನಮೂದುಗಳೂ ಅದೇ ಪುಟದಲ್ಲಿದ್ದುದರಿಂದ ಅವೂ ಸುತ್ತುದಾರಿಯನ್ನೇ ಹಿಡಿಯಬೇಕಾಯಿತು. ಮುಂದೆ ಲಿನಕ್ಸಿನವರು ಪಟ್ಟಿಯನ್ನು ‘ಓದಲು ಮಾತ್ರ’ ಎಂದು ಗುರುತಿಸಿದರು. ಬೀಗ ಹಾಕಿದ ಓದನ್ನು ಪೆಂಟಿಯಂ ಬರವಣಿಗೆಯೆಂದೇ ಎಣಿಸುವುದರಿಂದ ದುಷ್ಟ ಆಜ್ಞೆಗೆ ಮಾತ್ರ ಅಲ್ಲಿ ತಡೆ. ಉಳಿದವುಗಳಿಗೆ ನೇರವಾದ ದಾರಿ. ದೋಷಕ್ಕೆ ಕಾರಣವಾದ ಬೀಗವೇ ದೋಷಿಯನ್ನು ಹಿಡಿದುಕೊಟ್ಟಿತು.

ಪೆಂಟಿಯಂ ಪ್ರೊ, ಪೆಂಟಿಯಂ 2 ಇವುಗಳಲ್ಲಿ ಈ ದೋಷವಿರಲಿಲ್ಲ. ಹಳೆಯ ಪೆಂಟಿಯಂ ಯಂತ್ರಗಳಲ್ಲಿ ಮಾತ್ರ ಲಿನಕ್ಸ್ ಆರಂಭವಾಗುವಾಗ, ಪ್ರೊಸೆಸರಿನಲ್ಲಿ ‘ಎಫ್0 0ಎಫ್’ ದೋಷವಿದೆಯೆಂದೂ ಪರಿಹಾರವು ಜಾರಿಯಲ್ಲಿದೆಯೆಂದೂ ಒಂದು ಸಾಲು ಪರದೆಯ ಮೇಲೆ ಮೂಡುತ್ತಿತ್ತು.