ಮುಂಬೈನ ಪವಾಯಿಯಲ್ಲಿ ನೋಡಲು ಏನೇನಿದೆ? ಇಲ್ಲಿದೆ ಮಾಹಿತಿ

ಮುಂಬೈ ಪ್ರವಾಸ ಎಂದಾಕ್ಷಣ ಗೇಟ್‌ವೇ ಆಫ್ ಇಂಡಿಯಾ, ಜುಹು ಬೀಚ್ ನೆನಪಾಗುತ್ತವೆ. ಉಪನಗರ ಪವಾಯಿಯಲ್ಲೂ ಅರ್ಧ ದಿನ ಸುತ್ತಾಡಲು ತಾಣಗಳಿವೆ.

ಪವಾಯಿ ಕೆರೆ: ಮುಂಬೈಗೆ ಕುಡಿಯುವ ನೀರು ಒದಗಿಸಲು 1891ರಲ್ಲಿ ಅಣೆಕಟ್ಟು ಕಟ್ಟಿ ಈ ಕೆರೆ ನಿರ್ಮಿಸಲಾಯಿತು. ಆದರೆ ನೀರು ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. ಮಳೆಗಾಲದಲ್ಲಿ ಕೆರೆ ತುಂಬಿ ಹರಿದು ಮಿಠಿ ನದಿ ಸೇರುತ್ತದೆ. ದಡದ ವಾಯುವಿಹಾರ ಪಥದಿಂದ ಹಕ್ಕಿಗಳನ್ನು ನೋಡಬಹುದು. ಇಲ್ಲಿ ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ.

ಪದ್ಮಾವತಿ ದೇವಿ ಗುಡಿ: ಐಐಟಿ ಬಾಂಬೆ ಆವರಣದೊಳಗೆ, ಕೆರೆಯ ದಡದಲ್ಲೇ ಇದೆ. 1958ರಲ್ಲಿ ಆರಂಭವಾದ ಐಐಟಿಗೆ 1959ರಲ್ಲಿ ಪವಾಯಿಯಲ್ಲಿ ಶಂಕುಸ್ಥಾಪನೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ.

ಹಿರಾನಂದಾನಿ ಗಾರ್ಡನ್ಸ್: ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸದ ಬಡಾವಣೆ. ಗ್ರೀಕ್, ರೋಮನ್ ಮಾದರಿಯ ಕಂಬಗಳುಳ್ಳ ಬಹುಮಹಡಿ ಕಟ್ಟಡಗಳೇ ಇದರ ಗುರುತು. ಊಟ, ತಿಂಡಿಗೂ ಇಲ್ಲಿ ಅನುಕೂಲವಿದೆ.

ಕನ್ಹೇರಿ ಗುಹೆಗಳು: ಇನ್ನರ್ಧ ದಿನವಿದ್ದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಕಪ್ಪು ಶಿಲೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಅಲ್ಲಿವೆ. ಮುಖ್ಯ ಪ್ರವೇಶದ್ವಾರ ಬೋರಿವಲಿಯಲ್ಲಿದೆ. ಸೋಮವಾರ ರಜೆ.

ಹೋಗುವುದು ಹೇಗೆ?: ಸೆಂಟ್ರಲ್ ಲೈನ್‌ನ ಕಾಂಜುರ್‌ಮಾರ್ಗ್ ನಿಲ್ದಾಣದಲ್ಲಿ ಇಳಿದು ಬಸ್ ಅಥವಾ ಆಟೋ ಹಿಡಿಯಿರಿ.

ಗಮನಿಸಿ: ಈ ಎಲ್ಲದಕ್ಕೂ ಆಧಾರ ಕೆರೆಯೇ. ಕೊಳಚೆ ನೀರು, ಅಂತರಗಂಗೆ ಕಳೆ ಇದನ್ನು ಕಾಡುತ್ತಿವೆ. ದಡದಲ್ಲಿ ಪಾಲಿಕೆ ಕೈಗೊಂಡಿದ್ದ ಸೈಕಲ್ ಪಥ ಕಾಮಗಾರಿ ಅಕ್ರಮವೆಂದು 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ನೀಡಿ, ತೆರವಿಗೆ ಆದೇಶಿಸಿತು. ನೋಡಲು ಹೋದವರು ಪ್ಲಾಸ್ಟಿಕ್, ಪೂಜಾ ಸಾಮಗ್ರಿಗಳನ್ನು ಕೆರೆಗೆ ಹಾಕದಿದ್ದರೆ ಅದೇ ದೊಡ್ಡ ಉಪಕಾರ.